ಕರಾವಳಿಯ ಹಳೇ ಟ್ರ್ಯಾಕ್ಟರಿಗೆ ಯಾವ ಪೇಂಟ್ ಹೊಡೆಸಬೇಕು?

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಹತ್ತಿರ, ಸಮುದ್ರದಿಂದ ದೂರವೇನಿಲ್ಲ. ಅಪ್ಪಯ್ಯ 1974ರಲ್ಲಿ ತೆಗೆದುಕೊಂಡ ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರ್ ಹಟ್ಟಿಯ ಪಕ್ಕದ ಶೆಡ್ಡಿನಲ್ಲಿದೆ. ಇಂಜಿನ್ ಕೆಲಸ ಆಗಿದೆ, ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ಫೆಬ್ರವರಿ ಕೊನೆಯಲ್ಲಿ ಅಪ್ಪಯ್ಯನಿಗೆ ಎಂಬತ್ತು ತುಂಬುವ ಕಾರ್ಯಕ್ರಮ. ಅಷ್ಟರೊಳಗೆ ಟ್ರ್ಯಾಕ್ಟರನ್ನು ಮೊದಲಿನ ಬಣ್ಣಕ್ಕೆ ತರಬೇಕೆಂದು ಆಸೆ. ಹಾರ್ಡ್‌ವೇರ್ ಅಂಗಡಿಯವರು ಸಿಂಥೆಟಿಕ್ ಎನಾಮಲ್ ಸಾಕು ಎನ್ನುತ್ತಾರೆ. ಗ್ಯಾರೇಜಿನ ಪೇಂಟರ್ ಡ್ಯೂಕೋ ಹೊಡೆಯೋಣ ಎನ್ನುತ್ತಾರೆ. ತಮ್ಮ ಪೌಡರ್ ಕೋಟಿಂಗ್ ಮಾಡಿಸು ಎನ್ನುತ್ತಾನೆ. ಯಾವುದು ಸರಿ? ಹಳೇ ಪವರ್ ಟಿಲ್ಲರ್ ಒಂದಿದೆ, ಅದಕ್ಕೂ ಅದೇ ಪೇಂಟ್ ಆಗುತ್ತದಾ?

ಉತ್ತರ: ಮೊದಲು ನೇರ ಉತ್ತರ ಕೊಡುತ್ತೇನೆ. ಸೈಲೆನ್ಸರ್, ಮ್ಯಾನಿಫೋಲ್ಡ್ ಬಿಟ್ಟು ಇಡೀ ಟ್ರ್ಯಾಕ್ಟರಿಗೆ ಎರಡು ಡಬ್ಬದ ಎಪಾಕ್ಸಿ ಪ್ರೈಮರ್ (ಬಣ್ಣದ ಅಡಿಗೆ ಹಚ್ಚುವ ಪದರ) ಹಾಕಿಸಿ. ಅದರ ಮೇಲೆ ಬಾನೆಟ್, ಮಡ್‌ಗಾರ್ಡ್, ಗ್ರಿಲ್, ಡೀಸೆಲ್ ಟ್ಯಾಂಕ್ ಇಂಥ ತಗಡಿನ ಭಾಗಗಳಿಗೆ ಹಾರ್ಡನರ್ (ಗಟ್ಟಿ ಮಾಡುವ ದ್ರವ) ಬೆರೆಸುವ ಪಿ.ಯು. (ಪಾಲಿಯುರೆಥೇನ್) ಪೇಂಟ್. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ ಸೇರಿದ ಬೀಡಿನ (ಎರಕದ ಕಬ್ಬಿಣದ) ಮೈಗೆ ಒಳ್ಳೆಯ ಸಿಂಥೆಟಿಕ್ ಎನಾಮಲ್. ಡ್ಯೂಕೋ (ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಪೇಂಟ್) ಬೇಡ. ಪೌಡರ್ ಕೋಟಿಂಗ್ ನಿಮ್ಮ ಟ್ರ್ಯಾಕ್ಟರಿನ ಯಾವ ಭಾಗಕ್ಕೂ ಬೇಡ. ಅಂದರೆ ಮೂವರಲ್ಲಿ ಅಂಗಡಿಯವರ ಮಾತು ಅರ್ಧ ಸರಿ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಕಾರಣ ಗೊತ್ತಿರಬೇಕು. ಇಲ್ಲದಿದ್ದರೆ ಯಾರೋ ಒಬ್ಬರು ‘ಅದೆಲ್ಲ ಎಂತಕೆ ಮಾರಾಯ್ರೆ, ರೆಡ್ ಆಕ್ಸೈಡ್ ಬಳಿದು ಮೇಲೆ ಎನಾಮಲ್ ಎಳೆದರೆ ಆಯ್ತು’ ಎಂದ ಕೂಡಲೇ ಮನಸ್ಸು ಬದಲಾಗುತ್ತದೆ. ಘಟ್ಟದ ಮೇಲೆ, ಹಾವೇರಿಯಲ್ಲೋ ದಾವಣಗೆರೆಯಲ್ಲೋ, ಆ ಮಾತು ನಡೆಯುತ್ತದೆ. ನಮ್ಮಲ್ಲಿ ನಡೆಯುವುದಿಲ್ಲ.

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಮಳೆ ಮಾತ್ರ ಆಗಿದ್ದರೆ ಸುಧಾರಿಸಬಹುದಿತ್ತು. ಅದರ ಜೊತೆಗೆ ಉಪ್ಪಿದೆ. ಸಮುದ್ರದ ಗಾಳಿಯಲ್ಲಿ ಬರುವ ಉಪ್ಪು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕಬ್ಬಿಣದ ಮೇಲೆ ಕೂರುತ್ತದೆ. ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಉಪ್ಪು ತಾನಾಗಿ ನೀರು ಎಳೆದುಕೊಂಡು ಕರಗುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯೊಳಗೆ ಆಗುವುದೇ ಪೇಂಟಿನ ಅಡಿಯಲ್ಲೂ ಆಗುತ್ತದೆ. ಯಾವ ಪೇಂಟೂ ನೂರಕ್ಕೆ ನೂರು ನೀರು ತಡೆಯುವುದಿಲ್ಲ. ಒಂದಿಷ್ಟು ತೇವ ಒಳಗೆ ಇಳಿಯುತ್ತದೆ. ಅಡಿಯಲ್ಲಿ ಉಪ್ಪು ಉಳಿದಿದ್ದರೆ ಅದು ಇನ್ನಷ್ಟು ನೀರು ಸೆಳೆಯುತ್ತದೆ. ಅಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆಯೊಳಗೆ ತುಕ್ಕು ಹಿಡಿಯುತ್ತದೆ. ಹೊಸ ಪೇಂಟ್ ಒಂದೆರಡು ಮಳೆಗಾಲದಲ್ಲೇ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂದರೆ ಜನ ಕಂಪನಿಯನ್ನು ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಡಬ್ಬದ್ದಲ್ಲ. ಅಡಿಯಲ್ಲಿ ಉಳಿದ ಉಪ್ಪಿನದ್ದು, ಎಣ್ಣೆಯದ್ದು, ಮತ್ತು ಪೇಂಟ್ ಹೊಡೆದ ದಿನದ್ದು.

ಆದ್ದರಿಂದ ನಿಮ್ಮ ಹಣ, ಸಮಯ ಎರಡನ್ನೂ ತೊಳೆಯುವುದಕ್ಕೆ ಮತ್ತು ಪ್ರೈಮರಿಗೆ ಹಾಕಿ. ಮೇಲಿನ ಬಣ್ಣ ಆಮೇಲೆ ನೋಡೋಣ.

ಕೆರೆಯಲು ಕೂರುವ ಮೊದಲು ಒಂದು ಕೆಲಸ ಮಾಡಿ. ಟ್ರ್ಯಾಕ್ಟರಿನ ಮೂಲ ಬಣ್ಣ ಎಲ್ಲಾದರೂ ಉಳಿದಿದೆಯಾ ಹುಡುಕಿ. ಬಿಸಿಲು ಬೀಳದ ಜಾಗಗಳಲ್ಲಿ ಅದು ಸಿಗುತ್ತದೆ. ಡ್ಯಾಶ್‌ಬೋರ್ಡಿನ ಹಿಂಭಾಗ, ಬ್ಯಾಟರಿ ಪೆಟ್ಟಿಗೆಯ ಅಡಿ, ಹೆಡ್‌ಲೈಟ್ ಬಿಚ್ಚಿದ ಜಾಗ, ಬಾನೆಟ್ಟಿನ ಒಳಮೈ, ಮಡ್‌ಗಾರ್ಡ್ ಬೋಲ್ಟ್ ಆಗುವ ಜಾಗದ ಅಡಿ. ಹೊರಗಡೆ ನಿಮಗೆ ಈಗ ಕಾಣುತ್ತಿರುವುದು ಬಹುಶಃ ಗುಲಾಬಿಗೆ ತಿರುಗಿದ ಕೆಂಪು. ಬಿಸಿಲಿಗೆ ಎನಾಮಲ್ಲಿನ ಮೇಲ್ಪದರ ಪುಡಿಯಾಗುತ್ತದೆ. ಬೆರಳಿನಿಂದ ಉಜ್ಜಿದರೆ ಸುಣ್ಣದ ಹಾಗೆ ಕೈಗೆ ಅಂಟುತ್ತದೆ, ಅಲ್ವಾ? ಅದನ್ನು ಅಂಗಡಿಗೆ ಒಯ್ದು ‘ಇದೇ ಬಣ್ಣ ಕೊಡಿ’ ಎಂದರೆ ನಿಮಗೆ ಗುಲಾಬಿ ಟ್ರ್ಯಾಕ್ಟರ್ ಸಿಗುತ್ತದೆ. ಮುಚ್ಚಿದ ಜಾಗದಲ್ಲಿ ಅಂಗೈ ಅಗಲ ಆರಿಸಿ, ಸೋಪು ನೀರಿನಲ್ಲಿ ತೊಳೆದು, ರಬ್ಬಿಂಗ್ ಕಾಂಪೌಂಡ್ ಹಾಕಿ ನಿಧಾನ ಉಜ್ಜಿ. ಮೊದಲು ಬಟ್ಟೆಗೆ ಮಂಕು ಕೆಂಪು ಬರುತ್ತದೆ. ಸ್ವಲ್ಪ ಹೊತ್ತಿಗೆ ಅಡಿಯಿಂದ ಗಾಢ ಕೆಂಪು ಏಳುತ್ತದೆ. ಅದು ನಿಮ್ಮ ಅಪ್ಪಯ್ಯ ಶೋರೂಮಿನಲ್ಲಿ ನೋಡಿದ ಬಣ್ಣ. ಆ ಭಾಗ ಬಿಚ್ಚಲು ಬರುವಂಥದ್ದಾದರೆ ಬಿಚ್ಚಿ, ಕಂಪ್ಯೂಟರ್ ಮ್ಯಾಚಿಂಗ್ ಇರುವ ಪೇಂಟ್ ಅಂಗಡಿಗೆ ಒಯ್ಯಿರಿ.

ಬಿ-275 ಇಂಗ್ಲೆಂಡಿನಲ್ಲಿ ಹುಟ್ಟಿದ ಮಾಡೆಲ್. ಇಲ್ಲಿ 1963ರಲ್ಲಿ ಮಹೀಂದ್ರದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಕಟ್ಟಿದ ಕಂಪನಿ ಅದನ್ನು ತಯಾರಿಸಿತು. ಆ ಕಾಲದ ಟ್ರ್ಯಾಕ್ಟರುಗಳನ್ನು ದೂರದಿಂದ ಬಣ್ಣದಲ್ಲೇ ಗುರುತಿಸಬಹುದಿತ್ತು. ಮ್ಯಾಸಿ ಫರ್ಗ್ಯೂಸನ್ 35ಕ್ಕೆ ತಗಡು ಕೆಂಪು, ಇಂಜಿನ್ ಮತ್ತು ಗೇರ್‌ಬಾಕ್ಸ್ ಬೂದು. ಅದಕ್ಕಿಂತ ಹಿಂದಿನ ಫರ್ಗ್ಯೂಸನ್ ಟಿ.ಇ.20 ಪೂರ್ತಿ ಬೂದು. ಫೋರ್ಡ್‌ಸನ್ ಮೇಜರ್ ಎಂದರೆ ನೀಲಿ ಮೈ, ಕಿತ್ತಳೆ ಚಕ್ರ. ಹಾಗಾಗಿ ಇಂಜಿನ್ನಿಗೆ ಯಾವ ಬಣ್ಣ, ಚಕ್ರಕ್ಕೆ ಯಾವುದು ಎಂದು ನೆನಪಿನಿಂದ ಅಥವಾ ಮೊಬೈಲಿನ ಫೋಟೊದಿಂದ ತೀರ್ಮಾನಿಸಬೇಡಿ. ನಿಮ್ಮ ಟ್ರ್ಯಾಕ್ಟರಿನ ಮೈಯಲ್ಲೇ ಕೆರೆದು ನೋಡಿ. ಹಳೇ ಪೇಂಟಿನ ಅಂಚನ್ನು ನುಣ್ಣಗೆ ಉಜ್ಜಿದರೆ ಒಂದರ ಕೆಳಗೊಂದು ಪದರ ಕಾಣುತ್ತದೆ. ಎಲ್ಲಕ್ಕಿಂತ ಕೆಳಗಿನ ಬಣ್ಣ, ಪ್ರೈಮರಿನ ಮೇಲಿನದು, ಅದೇ ಕಂಪನಿಯದ್ದು.

ಒಂದು ಮಾತು. ಮೂಲ ಪೇಂಟ್ ಅರ್ಧಕ್ಕಿಂತ ಜಾಸ್ತಿ ಗಟ್ಟಿಯಾಗಿ ಉಳಿದಿದ್ದರೆ ನಾನಾಗಿದ್ದರೆ ಅದನ್ನು ಕೆರೆಯುವುದಿಲ್ಲ. ತೊಳೆದು, ಕಾಂಪೌಂಡ್ ಹಾಕಿ, ವ್ಯಾಕ್ಸ್ ಹಚ್ಚಿ, ತುಕ್ಕು ಹಿಡಿದ ಕಡೆ ಮಾತ್ರ ಸರಿ ಮಾಡಿಸುತ್ತೇನೆ. ಹೊಸ ಪೇಂಟ್ ಯಾವಾಗ ಬೇಕಾದರೂ ಹೊಡೆಸಬಹುದು. ಐವತ್ತು ವರ್ಷದ ಪೇಂಟನ್ನು ಮತ್ತೆ ತರಲು ಆಗುವುದಿಲ್ಲ. ಸಮುದ್ರದ ಹತ್ತಿರದ ಶೆಡ್ಡಿನಲ್ಲಿ ಅಷ್ಟು ಉಳಿದಿರುವುದು ಅಪರೂಪ, ಹಾಗಾಗಿ ಮುಂದಿನದು ಪೂರ್ತಿ ಪೇಂಟ್ ಮಾಡುವವರಿಗೆ.

ತೊಳೆಯುವುದು. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಸುಟ್ಟ ಆಯಿಲ್ ಒರೆಸಿ ಇಡುವ ರೂಢಿ ಇದೆ. ತುಕ್ಕಿಗೆ ಅದು ಒಳ್ಳೆಯದೇ. ಪೇಂಟಿಗೆ ಅದರಷ್ಟು ದೊಡ್ಡ ಶತ್ರು ಇಲ್ಲ. ಆ ಆಯಿಲ್ ತುಕ್ಕಿನ ಸಣ್ಣ ಗುಂಡಿಗಳೊಳಗೆ ಇಳಿದು ಕೂತಿರುತ್ತದೆ. ಅದರ ಮೇಲೆ ಗ್ರೈಂಡರ್ ಆಡಿಸಿದರೆ ಆಯಿಲನ್ನು ಕಬ್ಬಿಣದೊಳಗೆ ಇನ್ನಷ್ಟು ಉಜ್ಜಿದಂತೆ ಆಗುತ್ತದೆ. ಹಾಗಾಗಿ ಮೊದಲು ತೊಳೆಯುವುದು, ಆಮೇಲೆ ಕೆರೆಯುವುದು. ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಗ್ರೀಸ್ ತೆಗೆದು ಅಲ್ಲಿಗೇ ನಿಲ್ಲಿಸಬೇಡಿ, ಅವೂ ಜಿಡ್ಡು ಬಿಡುತ್ತವೆ. ಅದರ ಮೇಲೆ ಡಿಗ್ರೀಸರ್ ಅಥವಾ ಬಟ್ಟೆ ಸೋಪಿನ ಪುಡಿಯ ಬಿಸಿನೀರು, ಗಟ್ಟಿ ಬ್ರಷ್, ಕೊನೆಗೆ ಪ್ರೆಷರ್ ವಾಷ್. ನೀರು ಸಿಹಿನೀರೇ ಆಗಿರಲಿ. ಸಮುದ್ರದ ಹತ್ತಿರದ ಕೆಲವು ಬಾವಿ, ಬೋರ್‌ವೆಲ್‌ಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಆ ನೀರಿನಲ್ಲಿ ತೊಳೆದರೆ ತೆಗೆಯಬೇಕಾದದ್ದನ್ನೇ ಮತ್ತೆ ಹಚ್ಚಿದಂತೆ.

ಶುಚಿಯಾಯಿತೋ ಇಲ್ಲವೋ ಎಂದು ತಿಳಿಯಲು ಸುಲಭ ಪರೀಕ್ಷೆ ಇದೆ. ಕೆರೆದ ಕಬ್ಬಿಣದ ಮೇಲೆ ಸಿಹಿನೀರು ಚಿಮುಕಿಸಿ ನೋಡಿ. ನೀರು ಒಂದೇ ಹಾಳೆಯಾಗಿ ಹರಡಿ ನಿಂತರೆ ಜಿಡ್ಡು ಹೋಗಿದೆ. ಕೆಸುವಿನ ಎಲೆಯ ಮೇಲೆ ಉರುಳುವಂತೆ ಹನಿ ಹನಿಯಾಗಿ ಸೇರಿಕೊಂಡರೆ ಇನ್ನೂ ಇದೆ, ಮತ್ತೆ ತೊಳೆಯಿರಿ. ಜಿಡ್ಡಿನ ಮೇಲೆ ಸ್ಪ್ರೇ ಹೊಡೆದರೆ ಪೇಂಟ್ ಅಲ್ಲಲ್ಲಿ ಮೀನಿನ ಕಣ್ಣಿನ ಆಕಾರದಲ್ಲಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಎಷ್ಟು ಕೋಟ್ ಹೊಡೆದರೂ ಆ ಕಣ್ಣು ಮುಚ್ಚುವುದಿಲ್ಲ.

ಕೆರೆಯುವಾಗ ದಯವಿಟ್ಟು ಒಂದು ಎಚ್ಚರ. 70ರ ದಶಕದ ಕೆಂಪು, ಹಳದಿ, ಕಿತ್ತಳೆ ಪೇಂಟುಗಳಲ್ಲಿ, ಪ್ರೈಮರುಗಳಲ್ಲಿ ಸೀಸ ಇರುವುದು ಸಾಮಾನ್ಯವಾಗಿತ್ತು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಪೇಂಟುಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಬಂದದ್ದೇ 2016ರಲ್ಲಿ. ಅದು ಜಾರಿಯಾದದ್ದು 2017ರ ನವೆಂಬರಿನಿಂದ. ಅದೂ ಕೈಗಾರಿಕೆಯ ಪೇಂಟುಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಹಳೇ ಪೇಂಟನ್ನು ಒಣ ಎಮರಿಯಲ್ಲಿ ಧೂಳೆಬ್ಬಿಸಿ ಉಜ್ಜಬೇಡಿ. ಬ್ಲೋ ಲ್ಯಾಂಪಿನಲ್ಲಿ ಸುಡಲೇಬೇಡಿ, ಆ ಹೊಗೆ ವಿಷ. ಪೇಂಟ್ ರಿಮೂವರ್ ಹಚ್ಚಿ ಎಬ್ಬಿಸಿ, ಅಥವಾ ವಾಟರ್ ಪೇಪರಿನಲ್ಲಿ ಒದ್ದೆಯಾಗಿ ಉಜ್ಜಿ. ಅಡಿಗೆ ಟಾರ್ಪಾಲ್ ಹಾಸಿ, ಸಿಪ್ಪೆಯನ್ನೆಲ್ಲ ಒಟ್ಟು ಮಾಡಿ. ಬಾವಿಕಟ್ಟೆಯ ಹತ್ತಿರ, ತರಕಾರಿ ಸಾಲಿನ ಹತ್ತಿರ ಈ ಕೆಲಸ ಬೇಡ. ಮಕ್ಕಳು, ದನಕರು ಆ ಕಡೆ ಬಾರದಂತೆ ನೋಡಿಕೊಳ್ಳಿ.

ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳು ಎರಚಿ ತುಕ್ಕು ತೆಗೆಯುವುದು) ಮಾಡಿಸಬಹುದಾ ಎಂದು ನೀವು ಕೇಳಿಲ್ಲ. ಆದರೆ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಚಕ್ರದ ಡಿಸ್ಕ್, ರಿಮ್, ಮುಂದಿನ ಆಕ್ಸಲ್, ಬಂಪರ್ ಇಂಥ ದಪ್ಪ ಭಾಗಗಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಬಾನೆಟ್ಟಿನ ತಗಡಿಗೆ ಬೇಡ, ಶಾಖಕ್ಕೆ, ಹೊಡೆತಕ್ಕೆ ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಜೋಡಿಸಿದ ಇಂಜಿನ್, ಗೇರ್‌ಬಾಕ್ಸಿಗಂತೂ ಖಂಡಿತ ಬೇಡ. ಬ್ರೀದರಿನಿಂದ (ಗಾಳಿಯಾಡಲು ಬಿಟ್ಟ ತೂತು), ಆಯಿಲ್ ಸೀಲಿನ ಅಂಚಿನಿಂದ ಒಂದು ಚಿಟಿಕೆ ಒಳಗೆ ಹೋದರೂ ಈಗಷ್ಟೇ ಮಾಡಿಸಿದ ಇಂಜಿನ್ ಕೆಲಸ ದಂಡ. ಮಾಡಿಸುವುದಾದರೆ ಹೊಳೆ ಮರಳು ಬಳಸುವವರ ಹತ್ತಿರ ಹೋಗಬೇಡಿ. ಆ ಧೂಳು ಕೆಲಸಗಾರರ ಶ್ವಾಸಕೋಶ ತಿನ್ನುತ್ತದೆ. ಕಾಪರ್ ಸ್ಲ್ಯಾಗ್ ಅಥವಾ ಗಾರ್ನೆಟ್ ಹಾಕುವವರನ್ನು ವಿಚಾರಿಸಿ. ಮತ್ತೊಂದು: ಬ್ಲಾಸ್ಟ್ ಮಾಡಿದ ಕಬ್ಬಿಣಕ್ಕೆ ನಮ್ಮ ಗಾಳಿಯಲ್ಲಿ ಕೆಲವೇ ಗಂಟೆಗಳಲ್ಲಿ ಕಂದು ಛಾಯೆ ಬರುತ್ತದೆ. ಅದೇ ದಿನ, ಸಾಧ್ಯವಾದರೆ ಅಲ್ಲೇ, ಪ್ರೈಮರ್ ಬೀಳಬೇಕು. ರಾತ್ರಿ ಬಿಟ್ಟು ಬೆಳಿಗ್ಗೆ ನೋಡೋಣ ಎಂದರೆ ದುಡ್ಡು ಹೋಯಿತು.

ಈಗ ಪ್ರೈಮರ್. ರೆಡ್ ಆಕ್ಸೈಡನ್ನು ನಮ್ಮವರು ತುಂಬಾ ನಂಬುತ್ತಾರೆ. ಅದರಲ್ಲಿರುವ ಕೆಂಪು ಪುಡಿ ಕಬ್ಬಿಣದ ಆಕ್ಸೈಡ್. ಸುಮ್ನೆ ಮುಚ್ಚಿಕೊಂಡಿರುತ್ತದೆ, ತಾನಾಗಿ ತುಕ್ಕನ್ನು ತಡೆಯುವುದಿಲ್ಲ. ಅದನ್ನು ಹಿಡಿದಿರುವ ಎನಾಮಲ್ ಜಾತಿಯ ಅಂಟು ತೇವವನ್ನು ಸಾಕಷ್ಟು ಒಳಗೆ ಬಿಡುತ್ತದೆ. ಗೇಟು, ಗ್ರಿಲ್ಲಿಗೆ ಆದೀತು. ಎರಡು ಡಬ್ಬದ ಎಪಾಕ್ಸಿ ಬೇರೆಯೇ ಜಾತಿ. ಬೇಸ್ ಮತ್ತು ಹಾರ್ಡನರ್ ಬೆರೆತು ಗಟ್ಟಿಯಾದ ಮೇಲೆ ಅದು ಥಿನ್ನರಿಗೂ ಕರಗುವುದಿಲ್ಲ. ಕಬ್ಬಿಣಕ್ಕೆ ಹಿಡಿಯುವ ಹಿಡಿತ, ನೀರು ತಡೆಯುವ ಶಕ್ತಿ ಎರಡೂ ಎಷ್ಟೋ ಪಟ್ಟು ಮೇಲು. ಜಿಂಕ್ ಫಾಸ್ಫೇಟ್ ಇರುವ ಎಪಾಕ್ಸಿ ಪ್ರೈಮರ್ ಕೇಳಿ, ಅದು ತುಕ್ಕನ್ನು ತಡೆಯುವ ಕೆಲಸವನ್ನೂ ಮಾಡುತ್ತದೆ. ಮಲ್ಪೆಯಲ್ಲಿ, ಮಂಗಳೂರಿನ ಬಂದರಿನಲ್ಲಿ ಬೋಟಿನ ಕೆಲಸಕ್ಕೆ ಪೇಂಟ್ ಮಾರುವ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ.

ಎಪಾಕ್ಸಿಗೆ ಒಂದೇ ದೊಡ್ಡ ದೋಷ. ಬಿಸಿಲು ತಡೆಯುವುದಿಲ್ಲ, ಪುಡಿಯಾಗುತ್ತದೆ. ಹಾಗಾಗಿ ಅದರ ಮೇಲೆ ಬೇರೆ ಪೇಂಟ್ ಬೇಕೇ ಬೇಕು. ಇನ್ನೊಂದು ನಿಯಮ: ಹಳೇ ಎನಾಮಲ್ ಮೇಲೆ ಎಪಾಕ್ಸಿ ಅಥವಾ ಪಿ.ಯು. ಹೊಡೆಯಬೇಡಿ. ಅದರ ಥಿನ್ನರ್ ಅಡಿಯ ಎನಾಮಲ್ಲನ್ನು ಎಬ್ಬಿಸಿ ಸುರುಟಿಸುತ್ತದೆ. ಎಪಾಕ್ಸಿ ಮೇಲೆ ಎನಾಮಲ್ ಹೊಡೆಯಬಹುದು, ತೊಂದರೆ ಇಲ್ಲ. ಈಗಿರುವ ಪೇಂಟ್ ಯಾವ ಜಾತಿ ಎಂದು ಗೊತ್ತಿಲ್ಲದಿದ್ದರೆ ಎನ್‌.ಸಿ. ಥಿನ್ನರಿನಲ್ಲಿ (ಡ್ಯೂಕೋಗೆ ಬೆರೆಸುವ ಥಿನ್ನರ್) ಬಟ್ಟೆ ಅದ್ದಿ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಡ್ಯೂಕೋ. ಸುಕ್ಕು ಎದ್ದರೆ ಎನಾಮಲ್. ಏನೂ ಆಗದಿದ್ದರೆ ಹಾರ್ಡನರ್ ಹಾಕಿದ ಪೇಂಟ್.

ಪ್ರೈಮರ್ ಹಚ್ಚುವ ಕ್ರಮವೂ ಮುಖ್ಯ. ಬೋಲ್ಟಿನ ತಲೆ, ತಗಡಿನ ಅಂಚು, ವೆಲ್ಡಿಂಗ್ ಗೆರೆ, ಮೂಲೆಗಳು. ಪೇಂಟ್ ಒಣಗುವಾಗ ಚೂಪಾದ ಅಂಚಿನಿಂದ ಹಿಂದೆ ಸರಿಯುತ್ತದೆ, ಅಲ್ಲಿ ಪದರ ತೆಳ್ಳಗಾಗುತ್ತದೆ. ತುಕ್ಕು ಯಾವಾಗಲೂ ಶುರುವಾಗುವುದು ಅಲ್ಲಿಂದಲೇ. ಹಾಗಾಗಿ ಮೊದಲು ಬ್ರಷ್ ಹಿಡಿದು ಇಂಥ ಜಾಗಗಳಿಗೆ ಮಾತ್ರ ಒಂದು ಕೈ ಹಚ್ಚಿ. ಆಮೇಲೆ ಇಡೀ ಮೈಗೆ ಎರಡು ಕೋಟ್. ಪ್ರತಿ ಕೋಟಿಗೆ 50 ಮೈಕ್ರಾನ್ (ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ) ಆಸುಪಾಸು ದಪ್ಪ ಬರಬೇಕು. ಎರಡು ಡಬ್ಬ ಬೆರೆಸಿದ ಮೇಲೆ ಎಷ್ಟು ಹೊತ್ತು ಬಿಟ್ಟು ಹಚ್ಚಬೇಕು, ಎಷ್ಟು ಹೊತ್ತಿನೊಳಗೆ ಮುಗಿಸಬೇಕು, ಮುಂದಿನ ಕೋಟಿಗೆ ಎಷ್ಟು ಸಮಯ ಎಂಬುದೆಲ್ಲ ಡಬ್ಬದ ಮೇಲೆ ಇರುತ್ತದೆ. ಕಣ್ಣಂದಾಜು ಬೇಡ, ಅಳತೆ ಲೋಟ ಇಟ್ಟುಕೊಳ್ಳಿ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಒಣಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಪದರ ಬಲ ಕಳೆದುಕೊಳ್ಳುತ್ತದೆ ಅಷ್ಟೇ.

ನಜ್ಜಿದ ಕಡೆ ಪುಟ್ಟಿ ಹಾಕಬೇಕಾದರೆ ಎಪಾಕ್ಸಿ ಪ್ರೈಮರಿನ ಮೇಲೆ ಹಾಕಿ, ಬರೀ ಕಬ್ಬಿಣದ ಮೇಲೆ ಬೇಡ. ಪುಟ್ಟಿ ನೀರು ಹೀರುತ್ತದೆ. ಅದನ್ನು ನೀರು ಹಾಕಿ ಉಜ್ಜಬೇಡಿ, ಒಣಗಿದ್ದಾಗಲೇ ಉಜ್ಜಿ, ಮೇಲೆ ಮತ್ತೊಂದು ಕೋಟ್ ಪ್ರೈಮರ್ ಕೊಡಿ.

ಮೇಲಿನ ಬಣ್ಣಕ್ಕೆ ಬರೋಣ. ನಿಮ್ಮ ಗ್ಯಾರೇಜಿನವರು ಡ್ಯೂಕೋ ಎಂದದ್ದರಲ್ಲಿ ಆಶ್ಚರ್ಯ ಇಲ್ಲ. ನಿಮಿಷಗಳಲ್ಲಿ ಒಣಗುತ್ತದೆ, ಧೂಳು ಕೂತರೆ ಉಜ್ಜಿ ಪಾಲಿಶ್ ಮಾಡಬಹುದು, ಹಳೇ ಕೈಗಳಿಗೆ ಚೆನ್ನಾಗಿ ಪಳಗಿದ ಪೇಂಟ್. ಆದರೆ ತೇವ ಜಾಸ್ತಿ ಇದ್ದಾಗ ಥಿನ್ನರ್ ಆರುವ ವೇಗಕ್ಕೆ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ಪೇಂಟ್ ಬೆಳ್ಳಗೆ ಮಂಜು ಕಟ್ಟುತ್ತದೆ. ಒಣಗಿದ ಮೇಲೂ ಥಿನ್ನರಿಗೆ ಕರಗುತ್ತದೆ, ಪದರವೂ ತೆಳ್ಳಗೆ. ಡೀಸೆಲ್ ಒಸರುವ ಟ್ರ್ಯಾಕ್ಟರಿಗೆ, ಸಮುದ್ರದ ಗಾಳಿಗೆ ಅದು ಹೇಳಿದ್ದಲ್ಲ.

ಪಿ.ಯು. ಪೇಂಟ್ ಬಿಸಿಲು, ಡೀಸೆಲ್, ನೀರು ಮೂರನ್ನೂ ತಡೆಯುತ್ತದೆ. ಕೆಂಪು ಬಣ್ಣ ಗುಲಾಬಿಗೆ ತಿರುಗುವುದನ್ನು ವರ್ಷಗಟ್ಟಲೆ ಮುಂದೂಡುತ್ತದೆ. ಆದರೆ ಅದರ ಹಾರ್ಡನರಿನಲ್ಲಿ ಐಸೋಸಯನೇಟ್ ಇದೆ. ಸ್ಪ್ರೇ ಮಾಡುವಾಗ ಅದರ ಮಂಜು ಉಸಿರಿಗೆ ಹೋದರೆ ದಮ್ಮು ಬರಬಹುದು, ಒಮ್ಮೆ ಬಂದರೆ ಜೀವನಪೂರ್ತಿ ಕಾಡಬಹುದು. ಕರ್ಚೀಫು, ಕೊರೊನಾ ಕಾಲದ ಮಾಸ್ಕ್ ಯಾವುದೂ ಉಪಯೋಗಕ್ಕಿಲ್ಲ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಬೇಕು. ಅದಕ್ಕೇ ನನ್ನ ಸಲಹೆ ಹೀಗಿದೆ. ತಗಡಿನ ಭಾಗಗಳನ್ನೆಲ್ಲ ಬಿಚ್ಚಿ, ಮನೆಯಲ್ಲಿ ಕೆರೆದು, ಪಿಕಪ್ಪಿನಲ್ಲಿ ಹಾಕಿ ಉಡುಪಿಯಲ್ಲೋ ಮಂಗಳೂರಿನಲ್ಲೋ ಪೇಂಟ್ ಬೂತ್ ಇರುವ ಕಾರಿನ ಬಾಡಿ ಶಾಪಿಗೆ ಕೊಡಿ. ಧೂಳಿಲ್ಲದ ಜಾಗ, ಸರಿಯಾದ ಮಾಸ್ಕ್, ತೇವ ಸೋಸುವ ಕಂಪ್ರೆಸರ್ ಎಲ್ಲ ಅಲ್ಲಿರುತ್ತದೆ. ಬೀಡಿನ ಮೈಯನ್ನು ಒಯ್ಯಲು ಆಗುವುದಿಲ್ಲ, ಅದನ್ನು ಮನೆಯಲ್ಲೇ ಬ್ರಷ್ಷಿನಲ್ಲಿ ಮಾಡಿ.

ಆ ಮೈಗೆ ಎನಾಮಲ್ ಯಾಕೆ? ಒರಟು ಬೀಡಿನ ಮೇಲೆ ಬ್ರಷ್ ಗೆರೆ ಕಾಣುವುದಿಲ್ಲ. ನಾಳೆ ಒಂದು ಸೀಲ್ ಒಸರಿ ಗೇರ್‌ಬಾಕ್ಸ್ ಬಿಚ್ಚಬೇಕಾದರೆ, ಜೋಡಿಸಿದ ಮೇಲೆ ಆ ಜಾಗಕ್ಕೆ ಮಾತ್ರ ಒರೆಸಿ ಒಂದು ಕೈ ಎಳೆದರೆ ಮುಗಿಯಿತು. ಪಿ.ಯು.ಗೆ ಹಾಗೆ ತೇಪೆ ಹಾಕುವುದು ಕಷ್ಟ. ಹಳೇ ಟ್ರ್ಯಾಕ್ಟರ್ ಎಂದ ಮೇಲೆ ರಿಪೇರಿ ಇದ್ದದ್ದೇ. ಎನಾಮಲ್ ತೆಳ್ಳಗೆ ಎರಡು ಕೋಟ್ ಹಚ್ಚಿ, ಒಂದು ಕೋಟಿಗೂ ಇನ್ನೊಂದಕ್ಕೂ ನಡುವೆ ಒಂದು ದಿನ ಬಿಡಿ. ದಪ್ಪಗೆ ಎಳೆದರೆ ಮೇಲೆ ಚರ್ಮ ಕಟ್ಟಿ ಒಳಗೆ ವಾರಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಕನ್ನಡಿ ಥರ ಹೊಳೆಯಬೇಕೆಂಬ ಆಸೆ ಬಿಡಿ. ಆ ಕಾಲದ ಟ್ರ್ಯಾಕ್ಟರ್ ಹಾಗೆ ಹೊಳೆಯುತ್ತಿರಲಿಲ್ಲ. ಮೇಲೆ ಕ್ಲಿಯರ್ ಕೋಟ್ ಹಾಕಿದ ಬಿ-275 ನೋಡಿದರೆ ಹೊಸ ಬೈಕ್ ನೋಡಿದ ಹಾಗಾಗುತ್ತದೆ.

ಕೆಂಪಿಗೆ ಇನ್ನೊಂದು ಗುಣ ಇದೆ. ಅಡಿಯ ಬಣ್ಣವನ್ನು ಅದು ಚೆನ್ನಾಗಿ ಮುಚ್ಚುವುದಿಲ್ಲ. ಒಂದು ಕಡೆ ಬೂದು ಪ್ರೈಮರ್, ಇನ್ನೊಂದು ಕಡೆ ಪುಟ್ಟಿಯ ಬಿಳಿ ಇದ್ದರೆ ಮೇಲಿನ ಕೆಂಪಿನಲ್ಲಿ ಅದು ಕಂಡೇ ಕಾಣುತ್ತದೆ. ಪ್ರೈಮರ್ ಎಲ್ಲ ಕಡೆ ಒಂದೇ ಬಣ್ಣ ಇರಲಿ. ಬಾಡಿ ಶಾಪಿನವರೂ ನೀವೂ ಒಂದೇ ಕಂಪನಿಯ ಪ್ರೈಮರ್ ಬಳಸಿ. ಕೆಂಪಿನ ಎನಾಮಲ್ಲನ್ನೂ ಪಿ.ಯು.ವನ್ನೂ ಒಂದೊಂದು ತಗಡಿನ ತುಂಡಿಗೆ ಹಚ್ಚಿ, ಒಣಗಿಸಿ, ಹೊರಗೆ ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ ಒಪ್ಪಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಪ್ಪಬೇಡಿ.

ಪೌಡರ್ ಕೋಟಿಂಗ್ ಯಾಕೆ ಬೇಡ ಎಂದೆ? ಅದರಲ್ಲಿ ಬಣ್ಣದ ಪುಡಿಯನ್ನು ಎರಚಿ, ಸುಮಾರು 180ರಿಂದ 200 ಡಿಗ್ರಿ ಒಲೆಯಲ್ಲಿ ಬೇಯಿಸಬೇಕು. ಸೀಲ್, ಬೇರಿಂಗ್, ಪುಟ್ಟಿ ಇರುವ ಯಾವುದೂ ಒಲೆಗೆ ಹೋಗಲಾಗದು. ಉಳಿಯುವುದು ರಿಮ್. ಗದ್ದೆ ಉಳಲು ಭಾರ ಬೇಕೆಂದು ಹಿಂದಿನ ಟಯರಿಗೆ ನೀರು ತುಂಬಿಸಿದ್ದರೆ, ವಾಲ್ವಿನ ತೂತಿನ ಸುತ್ತ ರಿಮ್ ಒಳಗಿನಿಂದ ಗುಂಡಿ ಗುಂಡಿ ತಿಂದಿರುತ್ತದೆ. ಟಯರ್ ಬಿಚ್ಚಿಸಿ ನೋಡಿ, ಅಪ್ಪಯ್ಯನನ್ನೂ ಕೇಳಿ. ಅಂಥ ಗುಂಡಿಯ ಮೇಲೆ ಪೌಡರ್ ಬೇಯುವಾಗ ಗಾಳಿ ಎದ್ದು ಸೂಜಿಮೊನೆಯ ತೂತುಗಳಾಗುತ್ತವೆ. ಒಂದು ಕಲ್ಲು ತಾಗಿ ಚಕ್ಕೆ ಎದ್ದರೆ ಅಲ್ಲಿಂದ ತುಕ್ಕು ಪೌಡರಿನ ಅಡಿಯಲ್ಲೇ ಹರಿಯುತ್ತದೆ, ಮೇಲಿಂದ ಕಾಣುವುದಿಲ್ಲ. ರಿಮ್ಮಿಗೆ ಬ್ಲಾಸ್ಟ್, ಎಪಾಕ್ಸಿ, ಮೇಲೆ ಪಿ.ಯು. ಸಾಕು.

ಪೇಂಟ್ ಹೊಡೆಯಬಾರದ ಜಾಗಗಳು ಕೆಲವಿವೆ. ಚಕ್ರದ ಡಿಸ್ಕ್ ಹಬ್ಬಿಗೆ ಕೂರುವ ಮೈ ಮತ್ತು ನಟ್ ಕೂರುವ ಜಾಗ: ಅಲ್ಲಿ ದಪ್ಪ ಪೇಂಟಿದ್ದರೆ ಓಡುವಾಗ ಅದು ಜಜ್ಜಿ ತೆಳ್ಳಗಾಗಿ ನಟ್ ಸಡಿಲವಾಗುತ್ತದೆ. ಇದು ಅಪಾಯ. ರೇಡಿಯೇಟರಿನ ಜಾಲರಿಗೆ ದಪ್ಪ ಪೇಂಟ್ ಬಿದ್ದರೆ ಶಾಖ ಹೊರಗೆ ಹೋಗುವುದಿಲ್ಲ, ತೀರಾ ತೆಳು ಕಪ್ಪು ಮಾತ್ರ. ನಂಬರ್ ಪ್ಲೇಟಿನಂತೆ ಇರುವ ಕಂಪನಿಯ ಸೀರಿಯಲ್ ಪ್ಲೇಟ್, ಗ್ರೀಸ್ ನಿಪ್ಪಲ್, ಬ್ರೀದರ್ ಎಲ್ಲಕ್ಕೂ ಟೇಪ್ ಸುತ್ತಿ. ಸೈಲೆನ್ಸರ್ ಮತ್ತು ಮ್ಯಾನಿಫೋಲ್ಡಿಗೆ ಎಪಾಕ್ಸಿ ಹಾಕಬೇಡಿ, ಸುಟ್ಟು ಹೋಗುತ್ತದೆ. ಸಿಲಿಕೋನ್ ಸೇರಿದ ಹೀಟ್ ರೆಸಿಸ್ಟೆಂಟ್ ಪೇಂಟನ್ನು ನೇರ ಕಬ್ಬಿಣಕ್ಕೆ ಹಚ್ಚಿ, ಆಮೇಲೆ ಇಂಜಿನ್ನನ್ನು ಸ್ವಲ್ಪ ಸ್ವಲ್ಪ ಹೊತ್ತು ಓಡಿಸಿ ನಿಧಾನ ಬಿಸಿ ಕೊಟ್ಟು ಗಟ್ಟಿ ಮಾಡಿ.

ಟಿಲ್ಲರಿಗೆ ಉತ್ತರ ಚಿಕ್ಕದು. ಎಪಾಕ್ಸಿ ಪ್ರೈಮರ್ ಅದಕ್ಕೂ ಬೇಕು. ಅಲ್ಯೂಮಿನಿಯಂ ಭಾಗಗಳಿದ್ದರೆ ರೆಡ್ ಆಕ್ಸೈಡ್ ಅದಕ್ಕೆ ಸರಿಯಾಗಿ ಹಿಡಿಯುವುದೂ ಇಲ್ಲ. ಮೇಲೆ ಎನಾಮಲ್ ಸಾಕು, ಪಿ.ಯು. ಖರ್ಚು ಬೇಡ. ಕೆಸರು ಉಜ್ಜುವ ರೋಟರಿಗೆ, ಬ್ಲೇಡಿಗೆ ಪೇಂಟ್ ನಿಲ್ಲುವುದಿಲ್ಲ. ಉಳುಮೆ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು ಗ್ರೀಸ್ ಹಚ್ಚಿಡಿ. ಉಪ್ಪುನೀರು ನುಗ್ಗುವ ಗದ್ದೆಯಲ್ಲಿ ಓಡಿಸಿದ್ದರೆ ಅದೇ ದಿನ ತೊಳೆಯಿರಿ.

ಇನ್ನು ದಿನ ಗೊತ್ತು ಮಾಡುವುದು. ಆಯುಧ ಪೂಜೆಗೆ ಮೊದಲು ಪೇಂಟ್ ಆಗಬೇಕೆಂದು ನಮ್ಮಲ್ಲಿ ಎಷ್ಟೋ ಜನ ಅವಸರ ಮಾಡುತ್ತಾರೆ. ಆಗ ಗಾಳಿಯಲ್ಲಿ ತೇವ ಇನ್ನೂ ಇಳಿದಿರುವುದಿಲ್ಲ. ಪೇಂಟಿಗೆ ಒಂದು ನಿಯಮ ಇದೆ: ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಕಬ್ಬಿಣ ಕನಿಷ್ಠ 3 ಡಿಗ್ರಿ ಬಿಸಿ ಇರಬೇಕು, ಗಾಳಿಯ ತೇವ 85 ಶೇಕಡಾ ಮೀರಬಾರದು. 30 ಡಿಗ್ರಿ ಸೆಖೆಯಲ್ಲಿ ತೇವ 90 ಶೇಕಡಾ ಇದ್ದರೆ 28 ಡಿಗ್ರಿಗೇ ಇಬ್ಬನಿ ಕಟ್ಟುತ್ತದೆ. ನೆರಳಿನಲ್ಲಿರುವ ಗೇರ್‌ಬಾಕ್ಸ್ ಅದಕ್ಕಿಂತ ತಣ್ಣಗಿರಬಹುದು. ಕೈಗೆ ಒಣಗಿದಂತೆ ಕಂಡರೂ ಅದರ ಮೇಲೆ ನೀರಿನ ತೆಳು ಪದರ ಇರುತ್ತದೆ. ಅದೇ 32 ಡಿಗ್ರಿಯ ಜನವರಿ ಮಧ್ಯಾಹ್ನ ತೇವ 55ಕ್ಕೆ ಇಳಿದಾಗ ಇಬ್ಬನಿಯ ಮಟ್ಟ 22ಕ್ಕೆ ಹೋಗುತ್ತದೆ, ಚಿಂತೆಯೇ ಇಲ್ಲ. ಹಾಗಾಗಿ ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲಿಂದ ಫೆಬ್ರವರಿವರೆಗೆ ನಮ್ಮ ಪೇಂಟಿನ ಕಾಲ. ಚಳಿಗಾಲದ ಬೆಳಿಗ್ಗೆಯ ಇಬ್ಬನಿ ಆರಲು ಬಿಡಿ. ಹತ್ತು ಗಂಟೆಯ ಮೇಲೆ ಶುರು ಮಾಡಿ, ಮೂರು ಗಂಟೆಗೆ ಬ್ರಷ್ ಕೆಳಗಿಡಿ. ಸಂಜೆ ತೇವ ಏರುವ ಮೊದಲು ಪೇಂಟ್ ಸ್ವಲ್ಪವಾದರೂ ಗಟ್ಟಿಯಾಗಬೇಕು. ಒಂದು ತೇವಮಾಪಕ ತಂದು ಶೆಡ್ಡಿನಲ್ಲಿ ತೂಗುಹಾಕಿ, ಅದರ ಬೆಲೆ ಒಂದು ಡಬ್ಬ ಪೇಂಟಿಗಿಂತ ಕಡಿಮೆ.

ನಿಮ್ಮ ಕಾರ್ಯಕ್ರಮ ಫೆಬ್ರವರಿ ಕೊನೆಗೆ. ತೊಳೆಯುವುದು, ಕೆರೆಯುವುದು ನವೆಂಬರಿನಲ್ಲಿ ಮುಗಿಯಲಿ. ಡಿಸೆಂಬರಿನಲ್ಲಿ ಪ್ರೈಮರ್, ಪುಟ್ಟಿ. ಜನವರಿ ಮೊದಲ ಎರಡು ವಾರದಲ್ಲಿ ಮೇಲಿನ ಬಣ್ಣ. ಪಿ.ಯು. ಸುಮಾರು ಒಂದು ವಾರದಲ್ಲಿ ಪೂರ್ತಿ ಗಟ್ಟಿಯಾಗುತ್ತದೆ. ಎನಾಮಲ್ಲಿಗೆ ಮೂರು ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಅದರ ಮೇಲೆ ಡೀಸೆಲ್ ಬೀಳದಂತೆ ನೋಡಿಕೊಳ್ಳಿ, ವ್ಯಾಕ್ಸ್ ಹಚ್ಚಬೇಡಿ. ಸ್ಟಿಕ್ಕರ್, ಬ್ಯಾಡ್ಜ್ ಎಲ್ಲ ಫೆಬ್ರವರಿಯಲ್ಲಿ. ಏನಾದರೂ ತಡವಾಗಿ ಕೆಲಸ ಅರ್ಧಕ್ಕೆ ನಿಂತರೆ, ಬರೀ ಪ್ರೈಮರಿನಲ್ಲಿ ಮಳೆಗಾಲ ದಾಟಿಸಬೇಡಿ. ಯಾವುದಾದರೂ ಬಣ್ಣದ ಒಂದು ಕೋಟ್ ಎಳೆದಾದರೂ ಮುಚ್ಚಿ. ಶೆಡ್ಡಿನ ನೆಲ ಮಣ್ಣಿನದ್ದಾದರೆ ಚಕ್ರದ ಅಡಿಗೆ ಹಲಗೆ ಕೊಡಿ, ಪ್ಲಾಸ್ಟಿಕ್ ಹೊದಿಸಬೇಡಿ. ಪ್ಲಾಸ್ಟಿಕ್ಕಿನ ಒಳಗೆ ಬೆವರಿ ತುಕ್ಕು ಬೇಗ ಬರುತ್ತದೆ.

ಕಾರ್ಯಕ್ರಮಕ್ಕೆ ಮೊದಲೇ ಒಂದು ಸಲ ಗದ್ದೆಯ ದಾರಿಯಲ್ಲಿ ಓಡಿಸಿ ತನ್ನಿ. ಬಂದ ಮೇಲೆ ನಾಲ್ಕೂ ಚಕ್ರದ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ. ಆಮೇಲೆ ಅಪ್ಪಯ್ಯನನ್ನು ಸೀಟಿನಲ್ಲಿ ಕೂರಿಸಿ.